ಕೆಳಗಿನವನ ಅಂಗೈ

ಆ ಯಂತ್ರಕ್ಕೆ ಕಂಪನಿಯವರು ಇಟ್ಟ ಹೆಸರು ಉದ್ದಕ್ಕಿತ್ತು. ಅದನ್ನು ಪೂರ್ತಿ ಹೇಳಿ ಮುಗಿಸುವ ತಾಳ್ಮೆ ಟವರ್ ಕೆಲಸದವರಲ್ಲಿ ಯಾರಿಗೂ ಇರಲಿಲ್ಲ. ಬಂದ ದಿನವೇ ಅವರು ಅದಕ್ಕೆ 'ಅಳಿಯ' ಎಂದು ಹೆಸರಿಟ್ಟರು. ಉಳಿದವರೆಲ್ಲ ಲಾರಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಬಂದರೆ ಅಳಿಯ ಏಸಿ ವ್ಯಾನಿನಲ್ಲಿ ಬರುತ್ತಿದ್ದ. ಬಂದ ಕೂಡಲೇ ಮೊದಲು ಅವನಿಗೆ ಕರೆಂಟಿನ ಊಟ, ಆಮೇಲೆ ಮಿಕ್ಕವರ ಚಹಾ. ನಾಲ್ಕು ಹನಿ ಬಿದ್ದರೆ ಅವನಿಗೆ ಹೊದಿಕೆ, ಬಿಸಿಲೇರಿದರೆ ಅವನಿಗೆ ನೆರಳು. ಎಂಜಿನಿಯರ್ ಹುಡುಗಿ ಮೆತ್ತನೆಯ ಬಟ್ಟೆಯಲ್ಲಿ ಅವನ ಮೈ ಒರೆಸುವಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಅಕ್ಕರೆಯನ್ನು ಆ ಕೆಲಸಗಾರರು ತಮ್ಮ ಹೆಂಡಿರ ಮುಖದಲ್ಲೂ ಕಂಡವರಲ್ಲ. ಅಳಿಯನ ಸುತ್ತ ಗುಂಯ್‌ಗುಡುತ್ತಾ ಹಾರಾಡಿ ಫೋಟೋ ತೆಗೆಯುವ ಡ್ರೋನಿಗೆ 'ಸೊಳ್ಳೆ' ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತು.

ಸೊಳ್ಳೆ ತುಕ್ಕು ಹಿಡಿದ ಜಾಗ ಹುಡುಕುವುದು. ಅಳಿಯ ಟವರಿನ ಕಾಲನ್ನು ತಬ್ಬಿಕೊಂಡು ಹತ್ತಿ, ಬೋಲ್ಟು ಬಿಗಿದು, ಬಣ್ಣ ಬಳಿದು, ತುದಿಯ ಕೆಂಪು ದೀಪ ಬದಲಾಯಿಸಿ ಇಳಿಯುವುದು. "ಇನ್ಮೇಲೆ ಒಬ್ಬ ಮನುಷ್ಯನೂ ಮೇಲಿಂದ ಬೀಳಬಾರದು. ಅದೇ ನಮ್ಮ ಗುರಿ," ಎಂದು ಸೂಪರ್‌ವೈಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಳುವುದಕ್ಕೆ ಯಾರೂ ಉಳಿದಿರಬಾರದು ಎಂಬುದೇ ಆ ಮಾತಿನ ಅರ್ಥ ಎಂದು ಸ್ವಲ್ಪ ದಿನಗಳಲ್ಲೇ ತಿಳಿಯಿತು. ಒಬ್ಬೊಬ್ಬರಾಗಿ ಹೆಲ್ಮೆಟ್ಟು ಒಪ್ಪಿಸಿ ಮನೆ ದಾರಿ ಹಿಡಿದರು. ಊರಾಚೆಯ ಗುಡ್ಡದ ಮೇಲಿನ ಆ ಟವರುಗಳ ಸಾಲಿಗೆ ಕೊನೆಗೆ ಉಳಿದವರು ಇಬ್ಬರೇ. ಒಬ್ಬ ಭಾವ. ಇನ್ನೊಬ್ಬ ಆ ಭಾವನ ಹೆಂಡತಿಯ ತಮ್ಮ, ಕೊಕ್ಕೆ.

ಯಾರು ಏನಂದರೂ ಅದಕ್ಕೊಂದು ಕೊಕ್ಕೆ ಹಾಕುವವನು ಎಂದು ಅವನಿಗೆ ಆ ಹೆಸರು. ಇಟ್ಟವನು ಭಾವನೇ. ಕೆಲಸವಿಲ್ಲದೆ ಅಡ್ಡಾಡಿಕೊಂಡಿದ್ದ ಭಾಮೈದನನ್ನು ಕರೆತಂದು ಹತ್ತುವವನ ಸೊಂಟಕ್ಕೆ ಕಟ್ಟಿದ ಹಗ್ಗದ ಕೆಳತುದಿಯನ್ನು ಕೈಗೆ ಕೊಟ್ಟವನೂ ಅವನೇ. ಅಂದಿನಿಂದ ಮೇಲೆ ಭಾವ, ಕೆಳಗೆ ಕೊಕ್ಕೆ. ಕೊಕ್ಕೆಗೆ ಹತ್ತಲು ಬರುತ್ತಿರಲಿಲ್ಲ ಎಂದಲ್ಲ. ತರಬೇತಿಯಲ್ಲಿ ಅವನು ಭಾವನಿಗಿಂತ ಚುರುಕಾಗಿ ಹತ್ತಿ ತೋರಿಸಿದ್ದ. ಆದರೆ ಅವನು ಸೊಂಟಪಟ್ಟಿಗೆ ಕೈ ಹಾಕಿದಾಗಲೆಲ್ಲ ಭಾವ ತಡೆಯುತ್ತಿದ್ದ. "ನೀನು ಕೆಳಗಿದ್ರೇನೇ ನನಗೆ ಧೈರ್ಯ ಕಣೋ," ಎನ್ನುತ್ತಿದ್ದ. ಅದು ನಂಬಿಕೆಯ ಮಾತಾಗಿತ್ತು. ಕೊಕ್ಕೆ ಅದಕ್ಕೂ ಒಂದು ಕೊಕ್ಕೆ ಹಾಕಿಕೊಂಡು, ತನ್ನನ್ನು ಹೀಗೇ ನೆಲಕ್ಕೆ ಒತ್ತಿ ಹಿಡಿಯುವ ಹುನ್ನಾರ ಎಂದು ಒಳಗೊಳಗೇ ಕುದಿಯುತ್ತಿದ್ದ. ಫೋಟೋ ತೆಗೆಯುವವರು ಬಂದರೆ ಕತ್ತೆತ್ತಿ ಮೇಲಿನವನ ಫೋಟೋ ತೆಗೆಯುತ್ತಿದ್ದರು. ಹಗ್ಗ ಹಿಡಿದವನಿಗೆ "ಸ್ವಲ್ಪ ಪಕ್ಕಕ್ಕೆ ಬನ್ನಿ" ಎನ್ನುತ್ತಿದ್ದರು.

ಅಳಿಯ ಎಷ್ಟೇ ಜಾಣನಾದರೂ ಆಗಾಗ ಮೇಲೆ ಸಿಕ್ಕಿಹಾಕಿಕೊಳ್ಳುತ್ತಿದ್ದ. ಕಬ್ಬಿಣದ ತುಂಡುಗಳು ಕೂಡುವ ಜಾಗದಲ್ಲಿ ಅವನ ಹಿಡಿತ ಕಚ್ಚಿಕೊಂಡುಬಿಡುತ್ತಿತ್ತು. ಬಿಡಿಸಿ ಇಳಿಸಲು ಒಬ್ಬ ಮನುಷ್ಯ ಬೇಕೇ ಬೇಕು. ಆದರೆ ಒಬ್ಬನೇ ಸಾಕು.

"ಹಗ್ಗ ಹಿಡಿಯೋರು ಯಾರು ಸಾರ್ ಹಾಗಾದ್ರೆ?" ಎಂದು ಕೊಕ್ಕೆ ಕೇಳಿದ್ದ.

"ಅದಕ್ಕೆ ಮೋಟರ್ ಬರುತ್ತೆ," ಎಂದಿದ್ದ ಸೂಪರ್‌ವೈಸರ್. "ಪರೀಕ್ಷೆಯೆಲ್ಲ ಮುಗೀಲಿ, ನಿಮ್ಮಿಬ್ಬರಲ್ಲಿ ಒಬ್ಬರನ್ನ ಇಟ್ಕೋತೀವಿ."

ಆ ಒಬ್ಬ ಯಾರು ಎಂಬುದು ಗೇಟಿನ ಬಳಿಯ ಚಹಾದಂಗಡಿಯವನಿಗೂ ಗೊತ್ತಿತ್ತು. ಇಷ್ಟು ವರ್ಷ ಮೇಲೆ ಹತ್ತಿದವನನ್ನು ಬಿಟ್ಟು ಕೆಳಗೆ ನಿಂತವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಈ ಕೆಲಸ ಕೈಬಿಟ್ಟರೆ ಕೊಕ್ಕೆಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇರೆ ಮನೆಯೂ ಇರಲಿಲ್ಲ. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ, ಬಾಗಿಲು ಪೂರ್ತಿ ತೆರೆಯಲು ಬಿಡದ ಮಂಚದ ಮೇಲೆ ಅವನ ಒಂಟಿ ಸಂಸಾರ. ಬೆಳಿಗ್ಗೆ ಎದ್ದರೆ ಭಾವನ ಮುಖ, ಸಂಜೆ ಮಲಗುವ ಮುಂಚೆ ಭಾವನ ಮಾತು.

ಮಾತಿನಲ್ಲಿ ಭಾವ ಯಾರನ್ನೂ ಬಿಟ್ಟವನಲ್ಲ. ಅದರಲ್ಲೂ ಊಟಕ್ಕೆ ಕೂತರೆ ಅವನ ನಾಲಿಗೆಗೆ ಹುರುಪು ಬರುತ್ತಿತ್ತು.

"ನೋಡೇ," ಎಂದ ಒಂದು ದಿನ ಹೆಂಡತಿಗೆ, "ನೆಲದ ಮೇಲೆ ನಿಂತ್ಕೊಳ್ಳೋದಕ್ಕೂ ಮೋಟರ್ ತರ್ತಾರಂತೆ. ನಿನ್ನ ತಮ್ಮನಿಗಿಂತ ಕಮ್ಮಿ ತಿನ್ನುತ್ತಂತೆ ಅದು."

ಅಕ್ಕ ನಕ್ಕಳು. ನಕ್ಕಿದ್ದು ಕಾಣದಿರಲೆಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು.

"ಸುಮ್ನಿರ್ರೀ, ಪಾಪ," ಎಂದು ತಮ್ಮನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

"ಪಾಪ ಏನಿಲ್ಲ. ಇವನ ಅಂಗೈ ಇದೆಯಲ್ಲ, ಅದು ಕಿವಿಗಿಂತ ಚುರುಕು. ಅಂಥ ಅಂಗೈ ಮೋಟರಿಗೆ ಎಲ್ಲಿಂದ ಬರಬೇಕು? ಅಂಗೈ ಒಂದನ್ನ ಇಟ್ಕೊಂಡು ಮಿಕ್ಕಿದ್ದನ್ನ ಮನೆಗೆ ಕಳಿಸಿ ಅಂತ ಹೇಳ್ತೀನಿ ಸೂಪರ್‌ವೈಸರಿಗೆ."

ಈ ಸಲ ಅಕ್ಕನಿಗೆ ಸೆರಗು ಸಾಲಲಿಲ್ಲ. ಕೊಕ್ಕೆಯೂ ಹಲ್ಲು ಕಿರಿದ. ಭಾವನ ಮಾತು ಅವನಿಗೆ ಅಭ್ಯಾಸವಾಗಿತ್ತು. ಅಕ್ಕ ನಕ್ಕಿದ್ದು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಉಳಿಯಿತು.

ಅಂಗೈ ವಿಷಯ ಹೇಳಬೇಕು. ಎತ್ತರದಲ್ಲಿ ಗಾಳಿ ಮಾತನ್ನು ನುಂಗಿಹಾಕುತ್ತದೆ. ಕಂಪನಿ ಕೊಟ್ಟ ಮೈಕನ್ನು ಈ ಜೋಡಿ ಕುತ್ತಿಗೆಗೆ ಒಡವೆಯಂತೆ ತೂಗುಹಾಕಿಕೊಂಡಿದ್ದರೇ ಹೊರತು ಬಳಸುತ್ತಿರಲಿಲ್ಲ. ಅವರದು ಸ್ಪ್ಯಾನರಿನ ಭಾಷೆ. ಮೇಲಿನವನು ಟವರಿನ ಕಾಲಿಗೆ ಒಂದು ಸಲ ಬಡಿದರೆ, ಹಗ್ಗ ಬಿಗಿ ಹಿಡಿ, ನನ್ನ ಭಾರವೆಲ್ಲ ಅದರ ಮೇಲಿದೆ. ಎರಡು ಸಲ ಬಡಿದರೆ, ನಾನು ಸೊಂಟಪಟ್ಟಿಯ ಹುಕ್ಕನ್ನು ಕಬ್ಬಿಣಕ್ಕೆ ಹಾಕಿಕೊಂಡೆ, ಹಗ್ಗ ಸಡಿಲಿಸು. ಬಡಿದದ್ದು ಕಿವಿಗೆ ಕೇಳಿದರೂ ಕೆಳಗಿನವನು ಕಿವಿಯನ್ನು ನಂಬುವಂತಿಲ್ಲ. ಟವರಿನ ಕಾಲಿನ ಮೇಲೆ ಅಂಗೈ ಇಟ್ಟು ನೋಡಬೇಕು. ಸ್ಪ್ಯಾನರಿನ ಏಟು ಕಬ್ಬಿಣದುದ್ದಕ್ಕೂ ಜುಮ್ಮೆಂದು ಇಳಿದು ಬಂದು ಅಂಗೈಯನ್ನು ಕಚ್ಚುತ್ತದೆ. ಬೇರೆ ಸದ್ದುಗಳು ಹಾಗೆ ಕಚ್ಚುವುದಿಲ್ಲ.

ಅಳಿಯ ಬಂದ ಮೇಲೆ ಇದು ಇನ್ನೂ ಮುಖ್ಯವಾಯಿತು. ಅವನಿಗೆ ಎರಡು ದವಡೆ. ಒಂದರ ಹಿಂದೆ ಒಂದು ಮುಚ್ಚಿ ಕಬ್ಬಿಣವನ್ನು ಹಿಡಿಯುವಾಗ ಟಣ್ ಟಣ್ ಎನ್ನುತ್ತಿತ್ತು, ಥೇಟ್ ಎರಡು ಏಟು. "ಅಳಿಯ ಆಗಲೇ ನಮ್ಮ ಭಾಷೆ ಕಲಿತ ನೋಡೋ," ಎಂದು ಭಾವ ನಕ್ಕಿದ್ದ. ಕಿವಿಗೆ ಎರಡೂ ಒಂದೇ. ಅಂಗೈಗೆ ಮಾತ್ರ ಅಳಿಯನ ಸದ್ದು ಮಂಕು, ಹಸಿ ಮರದ ಬಾಗಿಲನ್ನು ಎಳೆದು ಹಾಕಿದ ಹಾಗೆ. ಮೊದಲನೇ ದಿನವೇ ಇಬ್ಬರೂ ಅದನ್ನು ಗುರುತಿಸಿ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು.

ಆ ದಿನ ಅಳಿಯ ಆಂಟೆನಾಗಳ ಚೌಕಟ್ಟಿನ ಹತ್ತಿರ ಕಚ್ಚಿಕೊಂಡು ನಿಂತ. ಎಂಜಿನಿಯರ್ ಹುಡುಗಿ ಗುಂಡಿ ಒತ್ತಿದಳು, ಬೇಡಿಕೊಂಡಳು, ಕೊನೆಗೆ ಬೈದಳು. ಅಳಿಯ ಜಪ್ಪಯ್ಯ ಅನ್ನಲಿಲ್ಲ. ಭಾವ ಹತ್ತಿದ. ಚೌಕಟ್ಟನ್ನು ದಾಟಿ ಅಳಿಯನನ್ನು ಮುಟ್ಟಬೇಕಾದರೆ ಹುಕ್ಕು ಬಿಚ್ಚಿ, ಕಾಲುಗಳನ್ನು ಕಬ್ಬಿಣಕ್ಕೆ ಊರಿ, ಹಗ್ಗಕ್ಕೆ ಮೈಚೆಲ್ಲಿ ಹಿಂದಕ್ಕೆ ಒರಗಬೇಕು. ಒಂದು ಏಟು ಬಂತು. ಕೊಕ್ಕೆ ಬಿಗಿ ಹಿಡಿದ. ಭಾವ ಒರಗಿಕೊಂಡು ಎರಡೂ ಕೈಯಲ್ಲಿ ಅಳಿಯನ ದವಡೆಯನ್ನು ಅಲ್ಲಾಡಿಸತೊಡಗಿದ. ಅಷ್ಟೊತ್ತಿಗೆ ಸೊಳ್ಳೆಯ ಬ್ಯಾಟರಿ ಮುಗಿಯುತ್ತಾ ಬಂದು ಅದು ಗುಂಯ್‌ಗುಡುತ್ತಾ ಕೆಳಗಿಳಿಯಿತು. ಹುಡುಗಿ ವ್ಯಾನಿನತ್ತ ತಿರುಗಿ ಹೊಸ ಬ್ಯಾಟರಿ ಹುಡುಕುತ್ತಿದ್ದಳು.

ಅಳಿಯ ಸಡಿಲವಾದ. ಜಾರಿದ. ಮತ್ತೆ ಕಚ್ಚಿಕೊಂಡ.

ಟಣ್ ಟಣ್.

ಕೊಕ್ಕೆಯ ಎಡಗೈ ತನ್ನ ಪಾಡಿಗೆ ತಾನು ಹೋಗಿ ಟವರಿನ ಕಾಲಿನ ಮೇಲೆ ಕೂತಿತು. ಮಂಕು ಸದ್ದು. ಅವನು ಕತ್ತೆತ್ತಿ ನೋಡಿದ. ಭಾವ ಒರಗಿಕೊಂಡೇ ಇದ್ದ, ಎರಡೂ ಕೈ ಅಳಿಯನ ಮೇಲೆ, ಸ್ಪ್ಯಾನರು ಸೊಂಟದಲ್ಲಿ. ಕೊಕ್ಕೆ ಅಂಗೈಯನ್ನು ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಯೋಚಿಸಿ ಮಾಡಿದನೇ ಎಂದರೆ ಇಲ್ಲ. ಯೋಚಿಸದೆ ಮಾಡಿದ ಎಂದರೆ ಅದೂ ಸುಳ್ಳು. ಎಳೆದರೆ ಹಗ್ಗ ಬಿಟ್ಟುಕೊಡುವ ಬ್ರೇಕಿನ ಹಿಡಿಯನ್ನು ಅವನು ಪೂರ್ತಿ ಎಳೆದ. ಭಾವ ಕೂಗಲೂ ಇಲ್ಲ. ಎರಡಾಳುದ್ದ ಬಿದ್ದು ಅಡ್ಡಪಟ್ಟಿಯ ಅಂಚಿಗೆ ಬೆನ್ನು ಬಡಿದುಕೊಂಡಾಗ ಆದ ಸದ್ದು ಮಾತ್ರ ಕಬ್ಬಿಣದುದ್ದಕ್ಕೂ ಇಳಿದು ಬಂತು. ಆಗ ಕೊಕ್ಕೆ ಹಿಡಿಯನ್ನು ಬಿಟ್ಟ. ಬ್ರೇಕು ಕಚ್ಚಿ ಹಗ್ಗ ನಿಂತಿತು.

"ಎರಡು ಏಟು ಕೇಳಿಸ್ತು," ಎಂದ ಕೊಕ್ಕೆ. ಎಲ್ಲರಿಗೂ ಅದೇ ಮಾತು ಹೇಳಿದ. ಅದರಲ್ಲಿ ಸುಳ್ಳಿನ ಚೂರೂ ಇರಲಿಲ್ಲವಾದ್ದರಿಂದ ಹೇಳುವುದು ಸುಲಭವಾಗಿತ್ತು.

ಎಂಜಿನಿಯರ್ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ, ಅಳಿಯ ಅದೇ ಕ್ಷಣದಲ್ಲಿ ಎರಡು ಸಲ ದವಡೆ ಮುಚ್ಚಿದ್ದು ನಿಜ ಎಂದಳು. ಹಾಗೆನ್ನುವಾಗ ಬಿಕ್ಕಿ ಬಿಕ್ಕಿ ಅತ್ತಳು. "ಅವರದೇನೂ ತಪ್ಪಿಲ್ಲ ಸಾರ್, ಈ ಸದ್ದಿನ ಬಗ್ಗೆ ನಾವು ಯೋಚನೆ ಮಾಡಬೇಕಿತ್ತು." ಸೂಪರ್‌ವೈಸರ್ ಕೊಕ್ಕೆಯ ಬೆನ್ನು ತಟ್ಟಿದ. ಅಕ್ಕ ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ತಮ್ಮನ ಭುಜಕ್ಕೆ ಒರಗಿ, "ನೀನು ಆಗಲೇ ಹಗ್ಗ ನಿಲ್ಲಿಸದಿದ್ರೆ ಇಷ್ಟೂ ಉಳೀತಿರಲಿಲ್ಲವಂತೆ ಕಣೋ," ಎಂದಳು. ಭಾವನಿಗೆ ಸೊಂಟದಿಂದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಅವನು ಮಲಗಿದಲ್ಲಿಂದಲೇ ಕೊಕ್ಕೆಯ ಕೈ ಹಿಡಿದುಕೊಂಡ.

"ತಲೆ ಕೆಡಿಸ್ಕೋಬೇಡ," ಎಂದ. "ಮೇಲಿದ್ದ ನನಗೇ ಸ್ಪ್ಯಾನರ್ ಏಟಿನ ಹಾಗೆ ಕೇಳಿಸ್ತು. ಇನ್ನು ಕೆಳಗಿದ್ದ ನೀನೇನು ಮಾಡ್ತೀಯ."

ಕೊಕ್ಕೆ ಅತ್ತ. ನಿಜವಾದ ಕಣ್ಣೀರೇ. ಆಸ್ಪತ್ರೆಯ ಆಯಾ ಕೂಡ ಮರುಗಿ ಅವನಿಗೆ ಕುರ್ಚಿ ತಂದುಕೊಟ್ಟಳು.

ಮುಂದಿನದೆಲ್ಲ ಅವನು ಬಯಸಿದ್ದಕ್ಕಿಂತ ಚೆನ್ನಾಗಿ ಆಯಿತು. ಸ್ಪ್ಯಾನರಿನ ಭಾಷೆಗೆ ಕಂಪನಿ ನಿಷೇಧ ಹಾಕಿತು. ಮೋಟರು ಬಂತು. ಅಳಿಯನ ಜೊತೆಗಾರನ ಕೆಲಸ ಕೊಕ್ಕೆಗೆ ಸಿಕ್ಕಿತು, ಕೇಳುವವರಾದರೂ ಇನ್ಯಾರಿದ್ದರು? ಭಾವನ ಸುದ್ದಿ ಹೊರಗೆ ಹೋಗದಿರಲಿ ಎಂದು ಅವನಿಗೂ ಒಂದು ಜಾಗ ಮಾಡಿದರು. ಟವರುಗಳ ಬುಡದಲ್ಲಿ ತಗಡಿನ ಕೋಣೆಯೊಂದಿತ್ತು. ಅಲ್ಲಿ ಗಾಲಿಕುರ್ಚಿಯಲ್ಲಿ ಕೂತು, ಸೊಳ್ಳೆ ತೆಗೆದ ವಿಡಿಯೋಗಳಲ್ಲಿ ತುಕ್ಕಿನ ಜಾಗಗಳಿಗೆ ಗುರುತು ಹಾಕುವುದು ಅವನ ಕೆಲಸ. ಜೊತೆಗೆ, ಹಗ್ಗದ ಮೋಟರಿನ ಗುಂಡಿಗಳೂ ಅವನ ಮೇಜಿನ ಮೇಲೆಯೇ ಬಂದವು. ಹಗ್ಗದ ಮರ್ಮ ಅವನಷ್ಟು ತಿಳಿದವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಕೊಕ್ಕೆ ಮೇಲೆ ಹತ್ತಿದ. ಇಷ್ಟು ವರ್ಷ ಕತ್ತು ನೋಯುವಷ್ಟು ನೋಡಿದ ಜಾಗ ಅದು. ಕೆಳಗೆ ಮನೆಗಳ ಚಾವಣಿಗಳು, ಒಣಹಾಕಿದ ಬಟ್ಟೆಗಳು, ರಸ್ತೆಯ ಮೇಲೆ ಹರಿದಾಡುವ ತಲೆಗಳು. ಗಾಳಿ ಮೈಗೆ ಬಡಿದಾಗ ಅವನಿಗೆ ಹಾಡು ಬರುತ್ತಿತ್ತು. ಪತ್ರಿಕೆಯವರೊಬ್ಬರು ಬಂದು ಅಳಿಯನ ಪಕ್ಕದಲ್ಲಿ ಅವನನ್ನು ನಿಲ್ಲಿಸಿ ಫೋಟೋ ತೆಗೆದರು. ಭಾವನ ಗಾಲಿಕುರ್ಚಿಗೆ "ಸ್ವಲ್ಪ ಪಕ್ಕಕ್ಕೆ" ಎಂದರು. ಮನೆಯಲ್ಲಿ ಭಾವ ಈಗ ಮಾತು ಕಡಿಮೆ ಮಾಡಿದ್ದ. ಅಕ್ಕ ಮೊದಲ ತಟ್ಟೆಯನ್ನು ತಮ್ಮನಿಗೆ ಬಡಿಸುತ್ತಿದ್ದಳು. "ನೀನಿಲ್ಲದಿದ್ರೆ ನಮ್ಮ ಗತಿ ಏನಾಗ್ತಿತ್ತೋ," ಎನ್ನುತ್ತಿದ್ದಳು. ಕೊಕ್ಕೆಗೆ ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು. ಪಾಪ ಮಾಡಿದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ನಂಬಿಕೊಂಡಿರುವವರು ಅವನ ಗೊರಕೆಯನ್ನು ಕೇಳಬೇಕಿತ್ತು.

ಒಂದು ಮಧ್ಯಾಹ್ನ ಅಳಿಯ ಮತ್ತೆ ಚೌಕಟ್ಟಿನ ಬಳಿ ಸಿಕ್ಕಿಕೊಂಡ. ಕೊಕ್ಕೆ ಹತ್ತಿ, ಹುಕ್ಕು ಬಿಚ್ಚಿ, ಅವರಿಬ್ಬರಿಗೆ ಮಾತ್ರ ಕೇಳಿಸುವ ಮೈಕಿನಲ್ಲಿ ಹೇಳಿದ.

"ಬಿಗಿ ಹಿಡೀರಿ ಭಾವ, ಒರಗ್ತಿದ್ದೀನಿ."

"ಹಿಡಿದಿದ್ದೀನಿ, ಒರಗು."

ಅಳಿಯ ಈ ಸಲ ಬೇಗ ಸಡಿಲವಾಗಿ ತನ್ನಷ್ಟಕ್ಕೆ ತಾನು ಇಳಿದು ಹೋದ. ಕೊಕ್ಕೆಯ ಕಾಲು ಜಾರಿ ಅವನು ಚೌಕಟ್ಟಿನ ನಡುವಿನ ಬಯಲಲ್ಲಿ ಹಗ್ಗಕ್ಕೆ ಜೋತುಬಿದ್ದ. ಅಲ್ಲಿ ಕೈಗೆ ಕಬ್ಬಿಣ ಎಟುಕುವುದಿಲ್ಲ. ಮೋಟರಿನಲ್ಲಿ ಸ್ವಲ್ಪ ಮೇಲಕ್ಕೆಳೆದರೆ ಸಾಕು, ಅಡ್ಡಪಟ್ಟಿ ಸಿಗುತ್ತದೆ.

"ಒಂದು ಮೊಳ ಎತ್ತಿ ಭಾವ."

ಹಗ್ಗ ಅಲ್ಲಾಡಲಿಲ್ಲ.

"ಭಾವ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಇವತ್ತು ಹಳೇ ವಿಡಿಯೋ ನೋಡ್ತಾ ಕೂತಿದ್ದೆ. ನಾನು ಬಿದ್ದ ದಿನದ್ದು."

"ಅದನ್ನ ಯಾಕೆ ನೋಡೋಕೆ ಹೋದ್ರಿ? ಮನಸ್ಸಿಗೆ ನೋವು."

"ಮೇಲಿಂದು ಎಲ್ಲರೂ ನೋಡಿದಾರೆ. ಸೊಳ್ಳೆ ಬ್ಯಾಟರಿ ಕಮ್ಮಿಯಾಗಿ ಕೆಳಗಿಳೀತಲ್ಲ, ಆವಾಗಲೂ ಕ್ಯಾಮರಾ ಓಡ್ತಾನೇ ಇತ್ತು. ನಿನ್ನ ಪಕ್ಕದಲ್ಲೇ ಇಳಿದಿದೆ ಅದು. ಅದನ್ನ ಯಾರೂ ನೋಡಿಲ್ಲ."

ಕೊಕ್ಕೆ ಬಗ್ಗಿ ನೋಡಿದ. ಕೆಳಗೆ ತಗಡಿನ ಕೋಣೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

"ಕಿವಿಲಿ ಕೇಳಿ ಮೋಸ ಹೋಗಿದ್ರೆ ನಾನು ಬಿಟ್ಟುಬಿಡ್ತಿದ್ದೆ ಕಣೋ," ಎಂದ ಭಾವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಊಟಕ್ಕೆ ಕೂತಾಗಿನ ಧ್ವನಿಯೇ. "ಆದ್ರೆ ನೀನು ಅಂಗೈ ಇಟ್ಟೆ."

"ಅಭ್ಯಾಸ ಭಾವ, ಸುಮ್ನೆ ಹೋಗಿಬಿಡುತ್ತೆ ಕೈ."

"ಹೌದು, ಅಭ್ಯಾಸವೇ. ಅಂಗೈ ಇಟ್ಟ ಮೇಲೆ ನಿನಗೆ ಗೊತ್ತಾಗ್ಲಿಲ್ಲ ಅಂದ್ರೆ ಬೇರೆ ಯಾರಾದ್ರೂ ನಂಬ್ತಾರೆ. ನಾನು ಹೆಂಗೆ ನಂಬ್ಲಿ? ಅಂಗೈ ಇಟ್ಟೆ. ಕತ್ತೆತ್ತಿ ನನ್ನ ನೋಡ್ದೆ. ಕೈ ಪ್ಯಾಂಟಿಗೆ ಒರೆಸ್ಕೊಂಡೆ. ಆಮೇಲೆ ಬಿಟ್ಟೆ."

ಕೊಕ್ಕೆಗೆ ಜೀವಮಾನದಲ್ಲಿ ಮೊದಲ ಸಲ ಯಾವ ಕೊಕ್ಕೆಯೂ ತೋಚಲಿಲ್ಲ. ಆ ಹಾಳು ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದರೂ ಅವನು ಬಚಾವಾಗುತ್ತಿದ್ದ. ಬೇರೆ ಯಾವ ಕಸುಬಿನ ಪಾತಕಿಯೂ ಅಲ್ಲಿ ಕೈ ಇಡುತ್ತಿರಲಿಲ್ಲ.

ಹಗ್ಗ ಒಂದು ಗೇಣು ಜಾರಿತು. ನಿಂತಿತು. ಕೊಕ್ಕೆಯ ಬಾಯಿಂದ ಬಂದ ಸದ್ದು ಅವನದೆಂದು ಅವನಿಗೇ ಗೊತ್ತಾಗಲಿಲ್ಲ. ಹಗ್ಗ ಇನ್ನೊಂದು ಗೇಣು ಜಾರಿ ನಿಂತಾಗ ತೊಡೆಗಳು ಬೆಚ್ಚಗೆ ಒದ್ದೆಯಾದವು.

"ತಪ್ಪಾಯ್ತು ಭಾವ. ಅಕ್ಕನ ಮುಖ ನೋಡಿ ಬಿಟ್ಟುಬಿಡಿ. ಬೀಳಿಸಬೇಡಿ."

"ಬೀಳಿಸಲ್ಲ. ಬೀಳಿಸಿದ್ರೆ ನಿನ್ನ ಕಷ್ಟ ಅಲ್ಲಿಗೆ ಮುಗೀತು. ನನ್ನದು ಎಲ್ಲಿ ಮುಗಿಯುತ್ತೆ?"

"ನಾಳೆಯಿಂದ ಬರಲ್ಲ. ಊರು ಬಿಟ್ಟು ಹೋಗ್ತೀನಿ."

"ಹೋಗು. ಆ ವಿಡಿಯೋನ ನಿಮ್ಮಕ್ಕನಿಗೆ ತೋರಿಸ್ತೀನಿ. ಅಂಗೈ ವಿಷಯ ಅವಳಿಗೂ ಗೊತ್ತಲ್ಲ. ಅವಳು ನೋಡಿದ ಮೇಲೆ ಪೊಲೀಸರಿಗೆ ನೀನೇ ಹೋಗಿ ಹೇಳ್ತೀಯ, ಅವಳ ಮುಂದೆ ನಿಲ್ಲೋದಕ್ಕಿಂತ ಅದು ಸುಲಭ ಅನ್ನಿಸುತ್ತೆ ನಿನಗೆ." ಮೈಕಿನಲ್ಲಿ ಚಹಾ ಹೀರಿದ ಸದ್ದು ಬಂತು. "ಅಥವಾ ದಿನಾ ಕೆಲಸಕ್ಕೆ ಬಾ. ದಿನಾ ಹತ್ತು. ಒಂದೊಂದು ದಿನ ಹೀಗೆ ಮಾತಾಡೋಣ. ಒಂದೊಂದು ದಿನ ಮಾತಾಡದೇನೇ ಇರ್ತೀನಿ. ಯಾವತ್ತು ಏನು ಅಂತ ನಾನು ಹೇಳಲ್ಲ."

ಹಗ್ಗ ಅಲ್ಲೇ ನಿಂತಿತ್ತು. ಗಾಳಿ ಕೊಕ್ಕೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿತು. ಎಂಜಿನಿಯರ್ ಹುಡುಗಿ ಕೆಳಗೆ ಅಳಿಯನ ಮೈ ಒರೆಸುತ್ತಿದ್ದಳು. ಮೇಲೆ ಎಲ್ಲವೂ ಸರಿಯಿದೆ ಎಂದು ತಿಳಿದು ಅವನತ್ತ ಕೈ ಬೀಸಿದಳು. ಬಿಸಿಲು ಬಾಗಿದ ಮೇಲೆ ಮೋಟರು ಗುರ್ ಎಂದು ಅವನನ್ನು ಎರಡು ಮೊಳ ಎತ್ತಿತು. ಕೊಕ್ಕೆ ಅಡ್ಡಪಟ್ಟಿಯನ್ನು ಅಪ್ಪಿಕೊಂಡು ಹುಕ್ಕು ಹಾಕಿದ. ಮೂರನೇ ಸಲಕ್ಕೆ ಅದು ಕಚ್ಚಿತು.

ಆ ರಾತ್ರಿ ಅವನ ಕೋಣೆಯಿಂದ ಗೊರಕೆ ಕೇಳಿಸಲಿಲ್ಲ. ಬೆಳಿಗ್ಗೆ ಅಕ್ಕ ಎರಡು ಡಬ್ಬಿ ಕಟ್ಟಿಕೊಟ್ಟಳು. ಭಾವನ ಗಾಲಿಕುರ್ಚಿಯನ್ನು ತಳ್ಳುವುದು ಮೊದಲಿಂದಲೂ ಕೊಕ್ಕೆಯ ಕೆಲಸವೇ. ಹೊಸ್ತಿಲು ದಾಟಿಸುವಾಗ ಅಕ್ಕ ಗಂಡನ ಕಾಲಿನ ಮೇಲಿನ ಹೊದಿಕೆಯನ್ನು ಸರಿಮಾಡಿದಳು.

"ನನ್ನ ತಮ್ಮನ್ನ ಹುಷಾರಾಗಿ ನೋಡ್ಕೊಳ್ರೀ. ಯಾಕೋ ಮುಖ ಬಾಡಿದೆ ಅವನದ್ದು."

"ಅವನ ಪ್ರಾಣ ನನ್ನ ಕೈಲಿದೆ ಕಣೇ," ಎಂದ ಭಾವ. "ನೀನೇನೂ ಯೋಚ್ನೆ ಮಾಡ್ಬೇಡ."

ಅಕ್ಕನಿಗೆ ಕಣ್ಣು ತುಂಬಿ ಬಂತು. ಇಬ್ಬರೂ ಬೀದಿಯ ತಿರುವು ದಾಟುವ ತನಕ ಅವಳು ಬಾಗಿಲಲ್ಲೇ ನಿಂತಿದ್ದಳು.

ಕೊಕ್ಕೆ ಕುರ್ಚಿಯನ್ನು ತಗಡಿನ ಕೋಣೆಯೊಳಗೆ ತಳ್ಳಿ ಮೇಜಿಗೆ ತಾಗಿಸಿ ನಿಲ್ಲಿಸಿದ. ಕಿವಿಗೆ ಮೈಕು ತೊಡಿಸಿದ. ಗುಂಡಿಗಳು ದೂರವಾಗಿವೆ, ಹತ್ತಿರಕ್ಕೆ ತಾ ಎಂದು ಭಾವ ಹೇಳಿದ. ಕೊಕ್ಕೆ ಗುಂಡಿಗಳ ಪೆಟ್ಟಿಗೆಯನ್ನು ಅವನ ಬೆರಳಿಗೆ ಎಟುಕುವ ಹಾಗೆ ಸರಿಸಿಟ್ಟ. ಆಮೇಲೆ ಹೊರಗೆ ಬಂದು ಹಗ್ಗವನ್ನು ತನ್ನ ಸೊಂಟಕ್ಕೆ ತಾನೇ ಕಟ್ಟಿಕೊಂಡು ಗಂಟನ್ನು ಎಳೆದು ನೋಡಿದ. ಗಂಟು ಭದ್ರವಾಗಿತ್ತು.